ಚಿಕ್ಕಪ್ಪ ಅತ್ತರು ಸರಿ, ತೋಟ ಎಲ್ಲಿ?

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಸಿಟ್ಟು ಬೇರೆಯವರ ಮೇಲೆ ಬಂತು.

ಅಪ್ಪ ಐಸಿಯುನಲ್ಲಿದ್ದಾಗ ಚಿಕ್ಕಪ್ಪ ಅಪ್ಪನ ಸಹಿಯನ್ನು ತಾವೇ ಹಾಕಿ ಎರಡು ಎಕರೆ ತೋಟ ಬರೆಸಿಕೊಂಡರು. ಈಗ ನಿಮಗೆ ಕಾಗದ ಸಿಕ್ಕಿದೆ. ಕೇಳಿಯೇಬಿಡೋಣ ಅಂತ ಹೋದರೆ ಅವರು ದೇವರ ಮನೆಯಲ್ಲಿ ಕೂತು ಅಳುತ್ತಿದ್ದರು, ನೀವು ಸುಮ್ನೆ ವಾಪಸ್ ಬಂದಿರಿ. ಈಗ ಅವರ ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ಎಲ್ಲ ಹೇಳುವ ಯೋಚನೆ. ಎಂ.ಎ.ಯಲ್ಲಿ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ಓದಿದ್ದೀರಂತೆ, ಅಪ್ಪನ ಕೊಲೆಗೆ ಸೇಡು ತೀರಿಸಬೇಕಾದ ರಾಜಕುಮಾರನ ಕತೆ. 'ನಾನೂ ಅವನಂತೆ ಹೇಡಿಯಾ?' ಅಂತ ಕೇಳಿದ್ದೀರಿ.

ಅವನು ಹೇಡಿ ಅಲ್ಲ. ಮೂರನೇ ಅಂಕದ ಮೂರನೇ ದೃಶ್ಯ ಇನ್ನೊಮ್ಮೆ ಓದಿ. ಅವನ ಅಪ್ಪನನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿದ್ದಾನೆ. ಹ್ಯಾಮ್ಲೆಟ್ ಕತ್ತಿ ಎತ್ತಿಯೂ ಹೊಡೆಯುವುದಿಲ್ಲ. ಕರುಣೆಯಿಂದಲ್ಲ! ಪ್ರಾರ್ಥನೆಯಲ್ಲಿದ್ದಾಗ ಸತ್ತರೆ ಇವನು ಸ್ವರ್ಗಕ್ಕೆ ಹೋಗಿಬಿಡುತ್ತಾನೆ, ಪಾಪ ತೊಳೆದುಕೊಳ್ಳಲು ಅಪ್ಪನಿಗೆ ಬಿಡುವೇ ಸಿಗಲಿಲ್ಲ, ಹಾಗಾಗಿ ಕುಡಿದು ಮಲಗಿದಾಗಲೋ ಜೂಜಾಡುವಾಗಲೋ ಕೊಂದರೆ ನೇರ ನರಕಕ್ಕೆ ಹೋಗಲಿ ಅನ್ನುವ ಲೆಕ್ಕ ಅದು. ನಿಶ್ಚಿತಾರ್ಥದ ದಿನವನ್ನೇ ಆರಿಸಿಕೊಂಡ ನಿಮ್ಮದೂ ಅದೇ ಲೆಕ್ಕ ಅಲ್ವಾ? ಮುಂದಿನ ದೃಶ್ಯದಲ್ಲೇ ಪರದೆ ಹಿಂದಿದ್ದ ಮಂತ್ರಿ ಪೊಲೋನಿಯಸ್ ಹ್ಯಾಮ್ಲೆಟ್‌ನ ಕತ್ತಿಗೆ ಸತ್ತ. ಒಬ್ಬ ಸಾಯಬೇಕಿದ್ದ ಕಡೆ, ನಾಟಕ ಮುಗಿಯುವಾಗ ಎಂಟು ಜನ, ಹ್ಯಾಮ್ಲೆಟ್ ಕೂಡ ಸೇರಿ. ಸತ್ತವರಲ್ಲಿ ಒಬ್ಬಳಾದ ಪೊಲೋನಿಯಸ್‌ನ ಮಗಳು ಒಫೀಲಿಯಾ ಯಾರಿಗೆ ಏನು ಮಾಡಿದ್ದಳು? ನಿಮ್ಮ ಚಿಕ್ಕಪ್ಪನ ಮಗಳು ಏನು ಮಾಡಿದ್ದಾಳೆ?

ಇನ್ನು ನೀವು ಒಂದೇ ಸಾಲಲ್ಲಿ ಮುಗಿಸಿದ ವಿಷಯ. 'ಮರುದಿನ ಚಿಕ್ಕಪ್ಪ ಫೋನ್ ಮಾಡಿ ತಪ್ಪಾಯ್ತು ಅಂದರು, ತೋಟದ ಮಾತು ಬರಲಿಲ್ಲ.' ಇಡೀ ಪತ್ರ ಇರುವುದೇ ಅಲ್ಲಿ. ಹ್ಯಾಮ್ಲೆಟ್ ಬರುವ ಮೊದಲೇ ಕ್ಲಾಡಿಯಸ್ ತನ್ನನ್ನೇ ಕೇಳಿಕೊಂಡಿರುತ್ತಾನೆ: ಕಿರೀಟ, ರಾಣಿ ಎಲ್ಲ ಇಟ್ಟುಕೊಂಡೇ ಕ್ಷಮೆ ಸಿಗುತ್ತದಾ? ಇಲ್ಲ ಅಂತ ಅವನಿಗೇ ಗೊತ್ತು. ಹ್ಯಾಮ್ಲೆಟ್ ಹೋದ ಮೇಲೆ ಎದ್ದು, ಮಾತು ಮೇಲಕ್ಕೆ ಹೋಯಿತು, ಮನಸ್ಸು ಇಲ್ಲೇ ಉಳಿಯಿತು ಅನ್ನುತ್ತಾನೆ. ಆ ಪ್ರಾರ್ಥನೆ ಫಲಿಸಿರಲೇ ಇಲ್ಲ. ಬೆನ್ನ ಹಿಂದೆ ನಿಂತವನಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ತಪ್ಪಾಯ್ತು ಅನ್ನುವವರ ಕಣ್ಣು ನೋಡಬೇಡಿ, ಕೈ ನೋಡಿ.

ನನಗೆ ಜಾಸ್ತಿ ಸಿಟ್ಟು ಬಂದದ್ದು ನಿಮ್ಮ ಸೋದರತ್ತೆ ಮೇಲೆ. 'ನಿಮ್ಮಪ್ಪನ ಆತ್ಮಕ್ಕೆ ಶಾಂತಿ ಇಲ್ಲ' ಅಂತ ವಾರವಾರ ಹೇಳುವ ಅವರು, ಒಂದು ದಿನವಾದರೂ ತಮ್ಮನ ಎದುರು ಹೋಗಿ ಮಾತಾಡಿದರಾ? ಆ ನಾಟಕದಲ್ಲಿ ಬರುವ ಹ್ಯಾಮ್ಲೆಟ್‌ನ ಅಪ್ಪನ ಭೂತವನ್ನೂ ನಾನು ಕ್ಷಮಿಸಿಲ್ಲ. ಸೇಡಿನ ಭಾರವನ್ನೆಲ್ಲ ಮಗನ ಮೇಲೆ ಹೊರಿಸಿ ಮಾಯವಾಯಿತು. ಅತ್ತೆಯ ಫೋನ್ ಸದ್ಯಕ್ಕೆ ಎತ್ತಬೇಡಿ.

ಮಾಡಬೇಕಾದದ್ದು ಒಂದೇ. ಈ ಭಾನುವಾರ, ನಿಶ್ಚಿತಾರ್ಥಕ್ಕೆ ಮೊದಲು, ಕಾಗದದ ನಕಲು ಹಿಡಿದು ಚಿಕ್ಕಪ್ಪನ ಹತ್ತಿರ ಒಬ್ಬರೇ ಹೋಗಿ. 'ತೋಟ ಯಾವತ್ತು ಬರೆದುಕೊಡ್ತೀರಿ?' ಅಂತ ಕೇಳಿ. ತಾರೀಖು ಹೇಳದಿದ್ದರೆ ಸೋಮವಾರ ವಕೀಲರ ಬಳಿ ಹೋಗಿ. ಅವರು ಅತ್ತರೆ ಅಳಲಿ, ಕಾಯಿರಿ. ಕಣ್ಣೊರೆಸಿಕೊಂಡ ಮೇಲೆ ಅದನ್ನೇ ಮತ್ತೆ ಕೇಳಿ.