ರಾಬರ್ಟ್ ಮಾರಿಸ್‌ಗೆ ಸರಕಾರ ಕೈಕೊಟ್ಟಿತೇ?

ಓದುಗರ ಪತ್ರ: ಇಂಗ್ಲೆಂಡಿನಿಂದ ವಲಸೆ ಬಂದು, ಸ್ವಂತ ದುಡ್ಡಿನಿಂದ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಸಿಕೊಟ್ಟ ವ್ಯಾಪಾರಿ ರಾಬರ್ಟ್ ಮಾರಿಸ್ ಮೊದಲ ಸೆನೆಟ್‌ನ ಸದಸ್ಯನೂ ಆಗಿದ್ದನೆಂದು ಬರೆದಿದ್ದೀರಿ. ಅಂಥವನು ಸಾಲದ ಜೈಲು ಸೇರಿದ್ದು ಹೇಗೆ? ಸರಕಾರ ಅವನ ಹಣ ಹಿಂದಿರುಗಿಸಲಿಲ್ಲವೇ? — ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮಾರಿಸ್ ಜೈಲಿಗೆ ಹೋದದ್ದು ಜಮೀನಿನ ಸಾಲಕ್ಕೆ. ಯುದ್ಧಕಾಲದ ಲೆಕ್ಕಪತ್ರಗಳ ತಪಾಸಣೆ ಮುಗಿದಾಗ ಅವನೇ ಸರಕಾರಕ್ಕೆ ಸುಮಾರು 93 ಸಾವಿರ ಡಾಲರ್ ಬಾಕಿ ಉಳಿಸಿಕೊಂಡಿದ್ದಾನೆಂದು ತೀರ್ಮಾನವಾಯಿತು. ಸ್ವಂತ ದುಡ್ಡು ಹಾಕಿದ್ದು ನಿಜ, ಆದರೆ ಅದಕ್ಕಿಂತ ದೊಡ್ಡದಾಗಿ ದೇಶಕ್ಕೆ ಒದಗಿದ್ದು ಅವನ ಸಹಿ.

1734ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಮಾರಿಸ್, ಮೇರಿಲ್ಯಾಂಡಿನಲ್ಲಿ ತಂಬಾಕು ಏಜೆಂಟನಾಗಿದ್ದ ತಂದೆಯ ಬಳಿಗೆ ಬಂದಾಗ ಸುಮಾರು 13ರ ಹುಡುಗ. ಫಿಲಡೆಲ್ಫಿಯಾದ ವಿಲ್ಲಿಂಗ್ ಮನೆತನದ ವ್ಯಾಪಾರದಲ್ಲಿ ಕೆಲಸ ಕಲಿತು, 1757ರಲ್ಲಿ ಪಾಲುದಾರನಾದ. ಆ ಕಂಪನಿ ಗುಲಾಮರನ್ನು ತರಿಸಿ ಮಾರಿದ್ದೂ ಉಂಟು. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲಾಗದು.

1781ರಲ್ಲಿ ಅವನು ಹಣಕಾಸಿನ ಮೇಲ್ವಿಚಾರಕನಾದಾಗ ದೇಶ ನಡೆಸುತ್ತಿದ್ದ ರಾಜ್ಯಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಅದು ಅಚ್ಚು ಹಾಕಿದ ಕಾಗದದ ಹಣವನ್ನು ಕೇಳುವವರಿಲ್ಲ. ಮಾರಿಸ್ ತನ್ನದೇ ಸಹಿಯ ನೋಟು ಹೊರಡಿಸಿದ. ಕೆಲವಕ್ಕೆ ಕೇಳಿದ ಕೂಡಲೇ ಹಣ, ಕೆಲವಕ್ಕೆ ತಿಂಗಳುಗಳ ವಾಯಿದೆ. ಸರಕಾರವನ್ನು ನಂಬದ ಹಿಟ್ಟಿನ ವ್ಯಾಪಾರಿಯೂ ಇದನ್ನು ತೆಗೆದುಕೊಂಡ. ಈ ಸಹಿಯ ಹಿಂದೆ ಆಸರೆಯೂ ಬಂತು: ಅದೇ ಆಗಸ್ಟಿನಲ್ಲಿ ಬೋಸ್ಟನ್ನಿಗೆ ಬಂದಿಳಿದ ಫ್ರಾನ್ಸಿನ ಬೆಳ್ಳಿಯನ್ನು ಎತ್ತಿನ ಗಾಡಿಗಳಲ್ಲಿ ಫಿಲಡೆಲ್ಫಿಯಾಕ್ಕೆ ಸಾಗಿಸಿದರು. ಅವನು ಯೋಜಿಸಿದ ಬ್ಯಾಂಕಿಗೆ ತಲಾ 400 ಡಾಲರಿನ 1,000 ಷೇರುಗಳಿದ್ದವು. ಜನ ಕೊಂಡದ್ದು ಸುಮಾರು 70 ಸಾವಿರ ಡಾಲರಿನಷ್ಟು ಮಾತ್ರ. ಆ ಬೆಳ್ಳಿಯಿಂದ ಸುಮಾರು 2,54,000 ಡಾಲರನ್ನು ಸರಕಾರದ ಷೇರು ಹಣವಾಗಿ ತುಂಬಿ, 1782ರ ಜನವರಿ 7ರಂದು ಬ್ಯಾಂಕ್ ಆಫ್ ನಾರ್ತ್ ಅಮೆರಿಕದ ಬಾಗಿಲು ತೆರೆಸಿದ.

ಆಮದಿನ ಮೇಲೆ ಶೇ. 5 ಸುಂಕ ಹಾಕಲು 13 ರಾಜ್ಯಗಳೂ ಒಪ್ಪಬೇಕಿತ್ತು. 1782ರಲ್ಲಿ ರೋಡ್ ಐಲೆಂಡ್ ಒಲ್ಲೆ ಎಂದಿತು. ಒಂದು ಚಿಕ್ಕ ರಾಜ್ಯ ಇಡೀ ದೇಶದ ಖಜಾನೆ ಕಟ್ಟಿಹಾಕಬಹುದೆಂದು ಕಂಡ ಮೇಲೆ ಅವನು ಬಲವಾದ ಕೇಂದ್ರಕ್ಕಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. 1787ರ ಸಂವಿಧಾನಕ್ಕೆ ಸಹಿ ಹಾಕಿದ. 1789ರಿಂದ 1795ರವರೆಗೆ ಪೆನ್ಸಿಲ್ವೇನಿಯಾದ ಸೆನೆಟರ್ ಆಗಿದ್ದ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 1792–93ರಲ್ಲಿ ನ್ಯೂಯಾರ್ಕಿನ ಪಶ್ಚಿಮದ ಸುಮಾರು 33 ಲಕ್ಷ ಎಕರೆಯನ್ನು ಡಚ್ ಹೂಡಿಕೆದಾರರಿಗೆ ಮಾರಿ ಅವನು ಲಾಭ ಕಂಡ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬದಲಿಗೆ ಜೇಮ್ಸ್ ಗ್ರೀನ್‌ಲೀಫ್, ಜಾನ್ ನಿಕೋಲ್ಸನ್ ಎಂಬ ಇಬ್ಬರು ಜಮೀನು ವ್ಯಾಪಾರಿಗಳ ಜೊತೆ ಸೇರಿ ಹೊಸ ರಾಜಧಾನಿ ವಾಷಿಂಗ್ಟನ್‌ನಲ್ಲಿ ತಲಾ 80 ಡಾಲರಿಗೆ 6,000 ಸೈಟು ಹಿಡಿದ. ಹಣವನ್ನು 7 ವಾರ್ಷಿಕ ಕಂತುಗಳಲ್ಲಿ ಕಟ್ಟಬೇಕು, ವರ್ಷಕ್ಕೆ 20 ಇಟ್ಟಿಗೆ ಮನೆ ಕಟ್ಟಿಸಬೇಕು. ಕಂತಿಗೆ ನಂಬಿದ್ದು ಆಮ್‌ಸ್ಟರ್‌ಡ್ಯಾಮಿನ ಸಾಲವನ್ನು. 1795ರ ಆರಂಭದಲ್ಲಿ ಫ್ರೆಂಚ್ ಸೇನೆ ಡಚ್ಚರ ದೇಶಕ್ಕೆ ನುಗ್ಗಿತು, ಸಾಲದ ಬಾಗಿಲು ಮುಚ್ಚಿತು.

ಅದೇ ವರ್ಷ ಮೂವರೂ ನಾರ್ತ್ ಅಮೆರಿಕನ್ ಲ್ಯಾಂಡ್ ಕಂಪನಿ ಹುಟ್ಟುಹಾಕಿದರು. 60 ಲಕ್ಷ ಎಕರೆ, ಎಕರೆಗೆ 50 ಸೆಂಟಿನ ಲೆಕ್ಕ, 100 ಡಾಲರಿನ 30,000 ಷೇರು. ವರ್ಷಕ್ಕೆ ಶೇ. 6 ಲಾಭಾಂಶ ಖಚಿತವೆಂದು ಮಾತು ಕೊಟ್ಟರು. ಅಂದರೆ ಒಂದು ಎಕರೆ ಮಾರದಿದ್ದರೂ ವರ್ಷಕ್ಕೆ 1,80,000 ಡಾಲರ್ ಹೊಂದಿಸಬೇಕು! ಕಾಡಿನ ಜಮೀನಿಗೆ ಬೆಳೆಯೂ ಇಲ್ಲ, ಗೇಣಿಯೂ ಇಲ್ಲ. ತೆರಿಗೆ ಮಾತ್ರ ಪ್ರತಿವರ್ಷ ಬರುತ್ತದೆ.

ನಗದು ಒಣಗಿದಾಗ ಮಾರಿಸ್ ಬರೆದ ನೋಟಿಗೆ ನಿಕೋಲ್ಸನ್ ಜಾಮೀನು ಸಹಿ, ನಿಕೋಲ್ಸನ್ ಬರೆದದ್ದಕ್ಕೆ ಮಾರಿಸ್ ಸಹಿ. ಸುಮಾರು ಒಂದು ಕೋಟಿ ಡಾಲರಿನಷ್ಟು ಕಾಗದ ಹೀಗೆ ಪೇಟೆಗೆ ಇಳಿಯಿತು. ಇಬ್ಬರ ಆಸ್ತಿಯೂ ಅದೇ ಮಾರಾಟವಾಗದ ಜಮೀನು. ಹಾಗಾಗಿ ಎರಡನೇ ಸಹಿಯಿಂದ ಸಾಲ ಕೊಟ್ಟವನಿಗೆ ಯಾವ ಭದ್ರತೆಯೂ ಹೆಚ್ಚಲಿಲ್ಲ. 1781ರ ನೋಟಿಗಿದ್ದ ಬೆಳ್ಳಿಯ ಆಸರೆ ಇವಕ್ಕೆ ಇರಲಿಲ್ಲ. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ ಮೇಲೆ ಎಲ್ಲ ಕಡೆ ನಗದು ಇನ್ನಷ್ಟು ಬಿಗಿಯಾಯಿತು. ಮಾರಿಸ್ ಊರಾಚೆಯ ತನ್ನ ಮನೆಯಲ್ಲಿ ಬಾಗಿಲು ಹಾಕಿ ಕುಳಿತ. ಸಾಲ ಕೊಟ್ಟವರು ಅಂಗಳದಲ್ಲೇ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಕಾದರು. 1798ರ ಫೆಬ್ರವರಿಯಲ್ಲಿ ಪ್ರೂನ್ ಸ್ಟ್ರೀಟ್ ಜೈಲು ಸೇರಿದ. ಜಾರ್ಜ್ ವಾಷಿಂಗ್ಟನ್ ಅಲ್ಲಿಗೇ ಬಂದು ಅವನೊಂದಿಗೆ ಊಟ ಮಾಡಿದ.

ಬಿಡುಗಡೆಗೆ ದಾರಿ ಮಾಡಿದ್ದು 1800ರ ದಿವಾಳಿ ಕಾಯಿದೆ. ಅದರಡಿ ಸಾಲಗಾರ ತಾನಾಗಿ ಅರ್ಜಿ ಹಾಕುವಂತಿರಲಿಲ್ಲ, ಸಾಲ ಕೊಟ್ಟವರೇ ಮುಂದಾಗಬೇಕಿತ್ತು. 1801ರ ಆಗಸ್ಟಿನಲ್ಲಿ ಹೊರಬಂದಾಗ ಲೆಕ್ಕಕ್ಕೆ ಸಿಕ್ಕ ಸಾಲ ಸುಮಾರು 30 ಲಕ್ಷ ಡಾಲರ್. 1806ರಲ್ಲಿ ತೀರಿಕೊಳ್ಳುವವರೆಗೆ ಸಂಸಾರ ನಡೆದದ್ದು ಹೆಂಡತಿ ಮೇರಿಗೆ ಬರುತ್ತಿದ್ದ ವರ್ಷಕ್ಕೆ 1,500 ಡಾಲರಿನಲ್ಲಿ. ಅದು ಸರಕಾರದ ಪಿಂಚಣಿಯಲ್ಲ. ಗಂಡ ಮಾರಿದ ನ್ಯೂಯಾರ್ಕಿನ ಜಮೀನಿನಲ್ಲಿ ಹೆಂಡತಿಗೆ ಕಾನೂನಿನ ಪ್ರಕಾರ ಉಳಿದಿದ್ದ ಹಕ್ಕನ್ನು ಬಿಟ್ಟುಕೊಡುವುದಕ್ಕೆ, ಗೌವರ್ನರ್ ಮಾರಿಸ್ ಎಂಬ ಹಳೆಯ ಸಹೋದ್ಯೋಗಿ ಡಚ್ ಕಂಪನಿಯಿಂದ ಕೊಡಿಸಿದ್ದ ಜೀವಮಾನದ ವರ್ಷಾಶನ.