ಕಾಯ್ದೆ ಬರುವ ಮೊದಲು ಕಾಗದ ಕೂಡಿಸಿಡಿ

ಓದುಗರ ಪ್ರಶ್ನೆ – ಕಾನೂನು ಬಳಗದ ಉತ್ತರ

ನಕ್ಸಲ್ ಸಂಘರ್ಷ, ತುರ್ತು ಪರಿಸ್ಥಿತಿಯಂಥ ಹಳೆಯ ರಾಜಕೀಯ ಸಂಘರ್ಷಗಳಲ್ಲಿ ನೊಂದವರಿಗೆ ಕಾಯ್ದೆಯ ಮೂಲಕ ನ್ಯಾಯ ಸಿಕ್ಕೀತೇ ಎಂದು ಕೇಳಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರಷ್ಟನ್ನೇ ಉಳಿಸಿದ್ದೇವೆ.

ಪ್ರಶ್ನೆ: ಪೊಲೀಸರಿಗೆ ಸುದ್ದಿ ಕೊಡುತ್ತಾರೆಂದು ನಮ್ಮ ಭಾವನವರನ್ನು 2006ರ ಸುಮಾರಿಗೆ ನಕ್ಸಲರು ಕೊಂದರು. ಮರುವರ್ಷ ಪಕ್ಕದ ಊರಿನ ಒಬ್ಬರು ಪೊಲೀಸರ ಗುಂಡಿಗೆ ಸತ್ತರು. ಅವರು ನಕ್ಸಲರಲ್ಲ, ಕೂಲಿಯವರು ಎಂದು ಊರೇ ಹೇಳುತ್ತದೆ. ಶರಣಾದವರಿಗೆ ಪ್ಯಾಕೇಜ್ ಉಂಟು. ಈ ಎರಡು ಮನೆಗಳಿಗೆ ಏನುಂಟು? – ಕೊಪ್ಪ

ಶರಣಾಗತಿ ಪ್ಯಾಕೇಜ್ ಸರ್ಕಾರದ ನೀತಿಯಷ್ಟೇ, ಅದರ ಹಿಂದೆ ಕಾಯ್ದೆ ಇಲ್ಲ. 2025ರ ಜನವರಿಯಲ್ಲಿ ಆರು ಮಂದಿ ಮುಖ್ಯವಾಹಿನಿಗೆ ಬಂದದ್ದು ಆ ನೀತಿಯಡಿಯಲ್ಲೇ. ಅದು ಒಳ್ಳೆಯದೇ ಆಯಿತು. ಆದರೆ ಸತ್ತವರ ಮನೆಯವರಿಗೆ ಅಷ್ಟೇ ಸ್ಪಷ್ಟವಾದ ದಾರಿ ಇಲ್ಲದಿರುವುದು ಅನ್ಯಾಯ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಿಮ್ಮ ಭಾವನವರ ಸಾವಿಗೆ ಹತ್ತಿರದ್ದು ಕೇಂದ್ರ ಗೃಹ ಸಚಿವಾಲಯದ ನೆರವಿನ ಯೋಜನೆ. ಭಯೋತ್ಪಾದನೆ, ಕೋಮುಗಲಭೆ, ನಕ್ಸಲ್ ಹಿಂಸೆಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ ಅದರಲ್ಲಿ ಮೊದಲು 3 ಲಕ್ಷ ರೂಪಾಯಿ ಕೊಡುತ್ತಿದ್ದರು, ಈಗ 5 ಲಕ್ಷ. ಅದೇ ಸಾವಿನ ಕಾರಣಕ್ಕೆ ಮನೆಯವರಿಗೆ ಸರ್ಕಾರಿ ಕೆಲಸ ಸಿಕ್ಕಿರಬಾರದು. ಅರ್ಜಿ ಡಿಸಿ ಕಚೇರಿಯ ಮೂಲಕ ಹೋಗಬೇಕು. ತೊಡಕಿರುವುದು ತಾರೀಕಿನಲ್ಲಿ: ಯೋಜನೆ ಜಾರಿಗೆ ಬಂದದ್ದು 2008ರ ಏಪ್ರಿಲ್ 1ಕ್ಕೆ, ಅದಕ್ಕೂ ಹಿಂದಿನ ಸಾವುಗಳು ಅದರೊಳಗೆ ಬರುವುದಿಲ್ಲ. ಮಲೆನಾಡಿನಲ್ಲಿ ಹೆಚ್ಚು ರಕ್ತ ಹರಿದದ್ದು 2005 ಮತ್ತು 2007ರಲ್ಲಿ. ಹಾಗಾಗಿ ನಮ್ಮ ಕಡೆಯ ಹಲವು ಕುಟುಂಬಗಳು ಈ ಒಂದು ಗೆರೆಯಿಂದಲೇ ಹೊರಗುಳಿದಿವೆ. ರಾಜ್ಯ ಶಾಸನ ಮೊದಲು ತುಂಬಬೇಕಾದ ಕಂದಕ ಇದು.

ಪಕ್ಕದ ಊರಿನ ಮನೆಯವರ ದಾರಿ ಬೇರೆ. ಪೊಲೀಸ್ ದಾಖಲೆಯಲ್ಲಿ 'ನಕ್ಸಲ' ಎಂದು ಬರೆದಿರುವವರೆಗೆ ಯಾವ ನೆರವೂ ಸಿಗದು. ಮೊದಲು ಐದು ಕಾಗದ ಕೈಗೆ ಬರಲಿ: ಎಫ್‌ಐಆರ್, ಶವ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಮ್ಯಾಜಿಸ್ಟ್ರೇಟ್ ವಿಚಾರಣಾ ವರದಿ ಮತ್ತು ಅಂತಿಮ ವರದಿ. ಮೊದಲೆರಡು ಮತ್ತು ಕೊನೆಯದು ಠಾಣೆಯಲ್ಲೂ ಆ ಠಾಣೆಯ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲೂ ಇರುತ್ತವೆ. ನ್ಯಾಯಾಲಯದಲ್ಲಿ ಕಾಪಿ ಅರ್ಜಿ ಹಾಕಿ ದೃಢೀಕೃತ ನಕಲನ್ನೇ ಪಡೆಯಿರಿ. ಮೂರನೆಯದನ್ನು ಆಸ್ಪತ್ರೆಯಲ್ಲಿ, ನಾಲ್ಕನೆಯದನ್ನು ಎಸಿ ಅಥವಾ ಡಿಸಿ ಕಚೇರಿಯಲ್ಲಿ ಕೇಳಿ. ಎನ್‌ಕೌಂಟರ್ ಸಾವುಗಳ ತನಿಖೆಯ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1997ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ವಿಚಾರಣೆಯೇ ನಡೆದಿಲ್ಲ ಎಂಬ ಉತ್ತರ ಲಿಖಿತವಾಗಿ ಬಂದರೆ ಅದೂ ನಿಮ್ಮ ಪರವಾದ ದಾಖಲೆಯೇ.

ಕೇಸು 'ಬಿ ರಿಪೋರ್ಟ್' (ಆರೋಪ ಹೊರಿಸುವಂಥದ್ದೇನೂ ಇಲ್ಲ ಎಂಬ ಪೊಲೀಸ್ ವರದಿ) ಆಗಿ ಮುಚ್ಚಿದ್ದರೆ, ಅದನ್ನು ಒಪ್ಪಿಕೊಳ್ಳುವ ಮುನ್ನ ನ್ಯಾಯಾಲಯ ದೂರುದಾರರಿಗೆ ನೋಟಿಸ್ ಕೊಟ್ಟಿತ್ತೇ ನೋಡಿ. ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1985ರ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎನ್‌ಕೌಂಟರುಗಳಲ್ಲಿ ದೂರುದಾರರು ಸಾಮಾನ್ಯವಾಗಿ ಪೊಲೀಸರೇ. ಆದ್ದರಿಂದ ಸತ್ತವರ ಮನೆಗೆ ಸುದ್ದಿಯೇ ಮುಟ್ಟದೆ ಕಡತ ಮುಚ್ಚಿಹೋಗುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೆ ಈಗ ಹೋಗಿ ಫಲವಿಲ್ಲ. ಘಟನೆಯಾಗಿ ಒಂದು ವರ್ಷ ಕಳೆದ ಮೇಲೆ ಅದು ವಿಚಾರಣೆ ಕೈಗೊಳ್ಳುವಂತಿಲ್ಲ. ಉಳಿದಿರುವುದು ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಸರ್ಕಾರದ ಕೈಯಲ್ಲಾದ ಸಾವಿಗೆ ಸಾಂವಿಧಾನಿಕ ನ್ಯಾಯಾಲಯವೇ ಪರಿಹಾರ ಕೊಡಿಸಬಹುದು ಎಂಬುದು 1993ರ ನೀಲಬತಿ ಬೆಹೆರಾ ತೀರ್ಪಿನಿಂದ ಸ್ಥಿರವಾಗಿದೆ. ಅಲ್ಲಿ ಎದುರಾಗುವ ಮೊದಲ ಪ್ರಶ್ನೆ 'ಇಷ್ಟು ವರ್ಷ ಏನು ಮಾಡಿದಿರಿ?' ಎಂಬುದು. ಅಂದಿನಿಂದ ಕೊಟ್ಟ ಪ್ರತಿಯೊಂದು ಮನವಿಯ ಸ್ವೀಕೃತಿ ಚೀಟಿ, ಅಂಚೆ ರಸೀದಿ ಹುಡುಕಿ ಜೋಡಿಸಿಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮ ತಂದೆ ತುರ್ತು ಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದರು. ಈಗ ಅವರಿಲ್ಲ. ಮನೆಯಲ್ಲಿ ಒಂದು ಚೀಟಿಯೂ ಇಲ್ಲ. ದಾಖಲೆ ಎಲ್ಲಿ ಸಿಗುತ್ತದೆ, ಸಿಕ್ಕರೆ ಪ್ರಯೋಜನವೇನು? – ಅರಸೀಕೆರೆ

ಅವರನ್ನು ಹಿಡಿದದ್ದು ಮೀಸಾ (ಆಂತರಿಕ ಭದ್ರತಾ ಕಾಯ್ದೆ) ಅಡಿಯಲ್ಲೋ ಡಿ.ಐ.ಆರ್. (ಭಾರತ ರಕ್ಷಣಾ ನಿಯಮಗಳು) ಅಡಿಯಲ್ಲೋ ಎಂಬುದನ್ನು ಮೊದಲು ತಿಳಿಯಿರಿ, ಯಾಕೆಂದರೆ ದಾಖಲೆ ಇರುವ ಜಾಗ ಅದರ ಮೇಲೆ ನಿಂತಿದೆ. ಭಾರತ ರಕ್ಷಣಾ ನಿಯಮಗಳ ಕೆಳಗೆ ಹಿಡಿದಿದ್ದರೆ ಕೇಸು, ನ್ಯಾಯಾಲಯ, ಜಾಮೀನು ಎಲ್ಲ ಇರುತ್ತಿದ್ದವು. ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ ಹುಡುಕಬೇಕು. ಮೀಸಾ ಆದರೆ ವಿಚಾರಣೆಯೇ ಇರಲಿಲ್ಲ, ಬಂಧನದ ಕಾರಣವನ್ನೂ ತಿಳಿಸಬೇಕಿರಲಿಲ್ಲ. ಆಗ ಉಳಿಯುವುದು ಜಿಲ್ಲಾ ಮ್ಯಾಜಿಸ್ಟ್ರೇಟರ ಬಂಧನ ಆದೇಶ, ಗೃಹ ಇಲಾಖೆಯ ಕಡತ ಮತ್ತು ಜೈಲಿನ ದಾಖಲಾತಿ ರಿಜಿಸ್ಟರ್. ಜಿಲ್ಲೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದಗಳೊಳಗೆ. ಮನೆಯ ಕಥೆಯನ್ನೆಲ್ಲ ಬರೆದ ಅರ್ಜಿಗಳು ವಾಪಸಾಗುವುದು ಇದರಿಂದಲೇ. ತಂದೆಯವರ ಹೆಸರು, ಅವರ ತಂದೆಯ ಹೆಸರು, ಊರು, ಬಂಧನದ ಅಂದಾಜು ತಿಂಗಳು, ಜೈಲಿನ ಹೆಸರು ಬರೆದು ಇಂಥ ರಿಜಿಸ್ಟರಿನ ಇಂಥ ಪುಟದ ನಕಲು ಬೇಕು ಎಂದು ಕೇಳಿ. 'ಗೌಪ್ಯ ವಿಷಯ, ಕೊಡಲಾಗದು' ಎಂದರೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮನ್ನು ತೋರಿಸಿ. 20 ವರ್ಷ ದಾಟಿದ ಘಟನೆಗೆ ಬಹುಪಾಲು ವಿನಾಯಿತಿಗಳು ಅನ್ವಯಿಸುವುದಿಲ್ಲ; ದೇಶದ ಭದ್ರತೆಯಂಥ ಕೆಲವು ಮಾತ್ರ ಉಳಿಯುತ್ತವೆ. 'ಕಡತ ಲಭ್ಯವಿಲ್ಲ' ಎಂದರೆ ಅಲ್ಲಿಗೆ ಸುಮ್ಮನಾಗಬೇಡಿ. ಕಡತ ನಾಶಪಡಿಸಿದ ಆದೇಶ ಮತ್ತು ರಿಜಿಸ್ಟರಿನ ನಮೂದು ಕೇಳಿ ಎರಡನೇ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಪ್ರಯೋಜನದ ಮಾತಿಗೆ ಬಂದರೆ, ಕೆಲವು ರಾಜ್ಯಗಳು ಅಂದಿನ ಬಂಧಿತರಿಗೆ ಗೌರವಧನ ಕೊಟ್ಟಿವೆ. ರಾಜಸ್ಥಾನದಲ್ಲಿ ಅದು ಬರೀ ನಿಯಮದ ಮೇಲೆ ನಿಂತಿದ್ದರಿಂದ ಸರ್ಕಾರ ಬದಲಾದ ಮೇಲೆ 2019ರಲ್ಲಿ ನಿಂತುಹೋಯಿತು. ಆಮೇಲೆ ಅಲ್ಲಿ ಅದನ್ನು ಕಾಯ್ದೆಯಾಗಿಸಿದರು. ಸರ್ಕಾರಿ ಆದೇಶವನ್ನು ಒಂದು ಸಹಿ ಅಳಿಸಬಲ್ಲದು, ಕಾಯ್ದೆಯನ್ನು ಅಳಿಸಲು ಸದನಕ್ಕೇ ಹೋಗಬೇಕು. ನಮ್ಮಲ್ಲಿ ಯಾವಾಗ ಏನೇ ಬಂದರೂ ಕೇಳುವುದು ಮಾತ್ರ ಆ ಜೈಲಿನ ರಿಜಿಸ್ಟರಿನ ನಕಲನ್ನೇ.

ಪ್ರಶ್ನೆ: ಹೊಸ ಕಾಯ್ದೆ ತಂದು ಹಳೆಯ ತಪ್ಪಿತಸ್ಥರನ್ನು ಶಿಕ್ಷಿಸಬಹುದೇ? – ಕಡೂರು

ಹೊಸ ಅಪರಾಧವನ್ನು ಸೃಷ್ಟಿಸಿ ಹಿಂದಕ್ಕೆ ಅನ್ವಯಿಸಲು ಸಂವಿಧಾನದ 20(1)ನೇ ವಿಧಿ ಬಿಡುವುದಿಲ್ಲ. ಕೊಲೆ ಅಂದೂ ಅಪರಾಧವೇ, ಅದಕ್ಕೆ ಕಾಲಮಿತಿಯೂ ಇಲ್ಲ. ಅದರ ತನಿಖೆಯನ್ನು ಇಂದು ಮತ್ತೆ ತೆರೆಯಬಹುದು. ಮೂರು ವರ್ಷದೊಳಗಿನ ಶಿಕ್ಷೆಯ ಸಣ್ಣ ಅಪರಾಧಗಳ ಕಾಲ ಎಂದೋ ಮುಗಿದಿದೆ. ಪರಿಹಾರ, ಪಿಂಚಣಿ, ಸತ್ಯಶೋಧನೆ, ಕ್ಷಮೆಯಾಚನೆಗಳನ್ನು ಹಿಂದಿನ ತಾರೀಕಿನಿಂದ ಕೊಡುವ ಕಾಯ್ದೆಗೆ ಈ ಅಡ್ಡಿ ಇಲ್ಲ.

ಪ್ರಶ್ನೆ: ಬೇರೆ ದೇಶಗಳಲ್ಲಿ ಇಂಥ ಕಾಯ್ದೆಗಳಿಂದ ನೊಂದವರಿಗೆ ನಿಜಕ್ಕೂ ಏನಾದರೂ ಸಿಕ್ಕಿದೆಯೇ? ಯಾವುದನ್ನು ನಾವು ನೋಡಿ ಕಲಿಯಬೇಕು? – ಬೇಲೂರು

ಸಿಕ್ಕಿದೆ, ಆದರೆ ಎಲ್ಲ ಕಡೆಯೂ ತಡವಾಗಿ. ನಮ್ಮ ಪಕ್ಕದ ನೇಪಾಳವನ್ನೇ ನೋಡಿ. ಸುಮಾರು 17,000 ಜನ ಸತ್ತ ಮಾವೋವಾದಿ ಯುದ್ಧ 2006ರ ನವೆಂಬರಿನ ಶಾಂತಿ ಒಪ್ಪಂದದೊಂದಿಗೆ ಮುಗಿಯಿತು. ಸತ್ಯಶೋಧನಾ ಕಾಯ್ದೆ ಬಂದದ್ದು 2014ರಲ್ಲಿ. ಗಂಭೀರ ಅಪರಾಧಕ್ಕೂ ಕ್ಷಮೆ ಕೊಡಬಲ್ಲ ಕಲಮುಗಳು ಅದರಲ್ಲಿದ್ದವು. ಮರುವರ್ಷವೇ ಅಲ್ಲಿನ ಸುಪ್ರೀಂ ಕೋರ್ಟ್ ಅವನ್ನು ಒಪ್ಪಲಿಲ್ಲ. ಆಯೋಗಕ್ಕೆ 60,000ಕ್ಕೂ ಹೆಚ್ಚು ದೂರು ಬಂದವು, ಆದರೆ ಕಾಯ್ದೆ ತಿದ್ದುಪಡಿಯಾಗಲು 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಒಂದು ಕಲಮಿನ ತಪ್ಪಿಗೆ ಹತ್ತು ವರ್ಷ ಹೋಯಿತು. ದೂರು ಕೊಟ್ಟ ಎಷ್ಟೋ ತಾಯಂದಿರಿಗೆ ಅಷ್ಟು ಆಯುಸ್ಸು ಇರುವುದಿಲ್ಲ ಎಂಬುದನ್ನು ಶಾಸಕರು ಮರೆಯಬಾರದು.

ವರ್ಣಭೇದ ಕಾಲದ ಅಪರಾಧಗಳ ಬಗ್ಗೆ ದಕ್ಷಿಣ ಆಫ್ರಿಕಾ ತಂದ 1995ರ ಕಾಯ್ದೆಯಲ್ಲಿ ಸತ್ಯ ಒಪ್ಪಿಕೊಂಡವರಿಗೆ ಕ್ಷಮೆ ಕೊಡುವ ಅಧಿಕಾರ ಸತ್ಯಶೋಧನಾ ಆಯೋಗದ ಸಮಿತಿಗೇ ಇತ್ತು, ಆದರೆ ಪರಿಹಾರದ ವಿಷಯದಲ್ಲಿ ಆಯೋಗ ಬರೀ ಶಿಫಾರಸು ಮಾಡಬಹುದಿತ್ತು. ಫಲವಾಗಿ ಕ್ಷಮೆ ಕೂಡಲೇ ಸಿಕ್ಕಿತು. ನೊಂದವರಿಗೆ 30,000 ರ್‍ಯಾಂಡ್‌ನ ಒಂದು ಬಾರಿಯ ಮೊತ್ತ ಘೋಷಣೆಯಾದದ್ದು 2003ರಲ್ಲಿ. ಗಡುವಿನೊಳಗೆ ಹೇಳಿಕೆ ಕೊಡದವರು ಪಟ್ಟಿಯಿಂದಲೇ ಹೊರಗುಳಿದರು. ಭಯದಿಂದ ಬಾಯಿ ಬಿಡದವರೂ, ಸುದ್ದಿ ಮುಟ್ಟದ ಹಳ್ಳಿಯವರೂ ಹೀಗೆ ಎಲ್ಲ ದೇಶಗಳಲ್ಲೂ ತಪ್ಪಿಹೋಗುತ್ತಾರೆ. ಪಟ್ಟಿ ತೆರೆದಿರಬೇಕು ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ. ಬ್ರಿಟನ್ ಉತ್ತರ ಐರ್ಲೆಂಡಿಗಾಗಿ 2023ರಲ್ಲಿ ತಂದ ಕಾಯ್ದೆ ಇನ್ನೂ ಕೆಟ್ಟದ್ದು. ಅದು ಹಳೆಯ ಸಾವುಗಳ ವಿಚಾರಣೆಯನ್ನೇ ನಿಲ್ಲಿಸಿ ತಪ್ಪಿತಸ್ಥರಿಗೆ ಮೊಕದ್ದಮೆಯಿಂದ ಷರತ್ತಿನ ರಕ್ಷಣೆ ಕೊಡಹೊರಟಿತು. ಆ ರಕ್ಷಣೆ ಮಾನವ ಹಕ್ಕುಗಳಿಗೆ ವಿರುದ್ಧವೆಂದು ಬೆಲ್‌ಫಾಸ್ಟಿನ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿತು.

ನೋಡಿ ಕಲಿಯಬಹುದಾದದ್ದು ದಕ್ಷಿಣ ಕೊರಿಯಾದ ಜೆಜು ದ್ವೀಪದ ಕಾಯ್ದೆ. 1948ರಲ್ಲಿ ಶುರುವಾದ ಹತ್ಯಾಕಾಂಡದ ಬಗ್ಗೆ 2000ದಲ್ಲಿ ವಿಶೇಷ ಕಾಯ್ದೆ ಬಂತು, 2003ರಲ್ಲಿ ತನಿಖಾ ವರದಿ, ಅದೇ ವರ್ಷ ಅಧ್ಯಕ್ಷರ ಅಧಿಕೃತ ಕ್ಷಮೆ. 2021ರ ತಿದ್ದುಪಡಿಯಲ್ಲಿ ಹಣಕಾಸಿನ ಪರಿಹಾರ ಮಾತ್ರವಲ್ಲ, ಅಂದು ಅನ್ಯಾಯವಾಗಿ ಶಿಕ್ಷೆಯಾದವರ ಕೇಸುಗಳ ಮರುವಿಚಾರಣೆಗೂ ದಾರಿ ಮಾಡಿದರು. 'ನಕ್ಸಲ' ಎಂಬ ಹಣೆಪಟ್ಟಿ ಹೊತ್ತ ಮನೆಗಳಿಗೆ ದುಡ್ಡಿಗಿಂತ ಮೊದಲು ಬೇಕಿರುವುದು ಆ ಎರಡನೆಯದು.

ಪ್ರಶ್ನೆ: ನಮ್ಮ ಚಿಕ್ಕಪ್ಪ ಸಂಘಟನೆಗೆಂದು ಮನೆ ಬಿಟ್ಟವರು 15 ವರ್ಷದಿಂದ ಸುಳಿವಿಲ್ಲ. ಪಾಲುಪಟ್ಟಿ, ಖಾತೆ ಎಲ್ಲ ನಿಂತಿದೆ. – ಮೂಡಿಗೆರೆ

ಏಳು ವರ್ಷ ಸುದ್ದಿ ಇಲ್ಲದವರನ್ನು ಮೃತರೆಂದು ಭಾವಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು ಅವಕಾಶ ಕೊಡುತ್ತದೆ. ಕಾಣೆಯಾದ ದೂರು ಇಲ್ಲದಿದ್ದರೆ ಈಗಲೇ ಕೊಟ್ಟು ಠಾಣೆಯಿಂದ ಹಿಂಬರಹ ಪಡೆಯಿರಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ, ಬಳಿಕ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡಿ. ಆ ಡಿಕ್ರಿಯ ಮೇಲೆ ಮರಣ ಪ್ರಮಾಣಪತ್ರ ಆಗುತ್ತದೆ. ನ್ಯಾಯಾಲಯ ಭಾವಿಸುವುದು ಸಾವನ್ನು ಮಾತ್ರ, ಸತ್ತ ದಿನವನ್ನಲ್ಲ. ಮನೆ ಬಿಟ್ಟ ದಿನವೇ ಸಾವಿನ ದಿನವೆಂದು ಬರೆದುಕೊಂಡು ವಿಮೆ, ಉತ್ತರಾಧಿಕಾರ ಕೇಳಿದರೆ ತಕರಾರು ಬರುತ್ತದೆ.

ಸತ್ತರೆಂದು ಒಪ್ಪಿ ಸಹಿ ಹಾಕಲು ಚಿಕ್ಕಮ್ಮನವರ ಮನಸ್ಸು ಒಪ್ಪದಿರಬಹುದು. ಶ್ರೀಲಂಕಾ ಇಂಥವರಿಗಾಗಿ 2016ರಲ್ಲಿ 'ಗೈರು ಪ್ರಮಾಣಪತ್ರ'ವನ್ನು ಕಾನೂನಿನಲ್ಲಿ ತಂದಿತು. ಸಾವನ್ನು ಒಪ್ಪದೆಯೂ ಆಸ್ತಿ, ಬ್ಯಾಂಕಿನ ಕೆಲಸ ನಡೆಯುತ್ತದೆ. ನಮ್ಮಲ್ಲೂ ಬರಬೇಕು.

ಪ್ರಶ್ನೆ: ನಮ್ಮ ಶಾಸಕರಿಗೆ ಮನವಿ ಕೊಡಬೇಕೆಂದಿದ್ದೇವೆ. ಏನೆಂದು ಬರೆಯಲಿ? – ಹಾಸನ

'ನ್ಯಾಯ ಕೊಡಿಸಿ' ಎಂಬ ಮನವಿ ಇಲಾಖೆಯಿಂದ ಇಲಾಖೆಗೆ ಸುತ್ತುತ್ತದೆ. ಎರಡನ್ನು ಸ್ಪಷ್ಟವಾಗಿ ಕೇಳಿ.

ಒಂದು, ಸದನದ ನಿರ್ಣಯ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ 3ನೇ ಕಲಮಿನಂತೆ ಆಯೋಗ ರಚಿಸುವುದು ಸರ್ಕಾರದ ಇಚ್ಛೆ; ಆದರೆ ರಾಜ್ಯದ ಶಾಸಕಾಂಗ ನಿರ್ಣಯ ಅಂಗೀಕರಿಸಿದರೆ ರಚಿಸಲೇಬೇಕು. ವರದಿ ಬಂದ ಆರು ತಿಂಗಳೊಳಗೆ ಕ್ರಮದ ಟಿಪ್ಪಣಿಯೊಂದಿಗೆ ಅದನ್ನು ಸದನದಲ್ಲಿ ಇಡಬೇಕು. ಸಾಕ್ಷಿ ಹೇಳಿದವರ ಮಾತನ್ನು, ಸುಳ್ಳುಸಾಕ್ಷ್ಯದ ಪ್ರಕರಣ ಬಿಟ್ಟು, ಅವರ ವಿರುದ್ಧ ಬಳಸುವಂತಿಲ್ಲ. ಹೆದರಿದವರಿಗೆ ಇದನ್ನು ಬಿಡಿಸಿ ಹೇಳಿ. ಆದರೆ ಆಯೋಗ ಶಿಕ್ಷೆ ಕೊಡದು. ತುರ್ತು ಪರಿಸ್ಥಿತಿಯ ಅತಿರೇಕಗಳ ಬಗ್ಗೆ ಷಾ ಆಯೋಗ 1978ರ ಆಗಸ್ಟಿನಲ್ಲಿ ಅಂತಿಮ ವರದಿ ಕೊಟ್ಟಿತು, ಅದೇ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. 1979ರಲ್ಲಿ ವಿಶೇಷ ನ್ಯಾಯಾಲಯಗಳ ಕಾಯ್ದೆ ಬಂದರೂ 1980ರಲ್ಲಿ ಸರ್ಕಾರ ಬದಲಾಗಿ ಪ್ರಕರಣಗಳು ದಡ ಸೇರಲಿಲ್ಲ.

ಎರಡು, ಪರಿಹಾರದ ಮಸೂದೆ. ದಂಡ ಕಾನೂನನ್ನು ಮುಟ್ಟಬೇಡಿ ಎಂದು ನಮ್ಮ ಸಲಹೆ. ಅದು ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯ. ಕೇಂದ್ರದ ಕಾಯ್ದೆಗೆ ತಾಗಿದರೆ ರಾಷ್ಟ್ರಪತಿಗಳ ಒಪ್ಪಿಗೆಗೆ ಹೋಗಿ ಕೂರುತ್ತದೆ. ಪರಿಹಾರ, ಪುನರ್ವಸತಿ, ದಾಖಲೆ ತಿದ್ದುಪಡಿ ಇಷ್ಟಕ್ಕೇ ಮಸೂದೆ ಇರಲಿ. ಖಾಸಗಿ ಸದಸ್ಯರು ಮಂಡಿಸಿದರೂ ಖಜಾನೆಯಿಂದ ಖರ್ಚಿದ್ದರೆ ಅದರ ಪರ್ಯಾಲೋಚನೆಗೆ 207(3)ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು. ಇದನ್ನು ಮರೆತ ಮಸೂದೆ ಮುಂದಕ್ಕೆ ಹೋಗದು.

ಒಳಗಿನ ಕಲಮುಗಳಲ್ಲಿ ನಾಲ್ಕನ್ನು ಬಿಟ್ಟುಕೊಡಬೇಡಿ. ಸಂತ್ರಸ್ತರ ವ್ಯಾಖ್ಯೆಯಲ್ಲಿ ಗುಂಡು ಯಾರದೆಂಬ ಭೇದ ಇರಕೂಡದು. ಅವಧಿಯ ಆರಂಭದ ತಾರೀಕನ್ನು 2008ಕ್ಕಿಂತ ಸಾಕಷ್ಟು ಹಿಂದಕ್ಕೆ ಒಯ್ದು ಕಾಯ್ದೆಯಲ್ಲೇ ನಮೂದಿಸಬೇಕು, ನಿಯಮಗಳಿಗೆ ಬಿಡಬಾರದು. ಸರ್ಕಾರವೇ ಕಡತ ನಾಶಮಾಡಿದ್ದರೆ ಮನೆಯವರ ಪ್ರಮಾಣಪತ್ರ ಮತ್ತು ಊರಿನ ಇಬ್ಬರ ಹೇಳಿಕೆ ಸಾಕು ಎಂದಿರಬೇಕು. ಅರ್ಜಿಯನ್ನು ಗ್ರಾಮ ಪಂಚಾಯಿತಿಯಲ್ಲೇ ತೆಗೆದುಕೊಳ್ಳಬೇಕು. ಸಾಕ್ಷಿ ಹೇಳಲು ಶೃಂಗೇರಿ ಕಡೆಯ ಕಾಡಂಚಿನ ಮುದುಕಿ ಬೆಂಗಳೂರಿಗೆ ಬರಲಾರಳು. ಮನವಿಯ ಜೊತೆ ಕನಿಷ್ಠ ಐದಾರು ಕುಟುಂಬಗಳ ದಾಖಲೆಗಳ ನಕಲು ಲಗತ್ತಿಸಿ, ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಶಾಸಕರ ಕಚೇರಿಯಲ್ಲಿ ಮೊಹರು ಹಾಕಿಸಿದ ಸ್ವೀಕೃತಿ ಪ್ರತಿಯನ್ನು ಇಟ್ಟುಕೊಳ್ಳಿ.