ಹಳದಿ ಪುಸ್ತಕದಲ್ಲಿ ಏನೇನಿರಬೇಕು?

ಪ್ರಶ್ನೆ: ಮಗ ಉಗಾಂಡದ ಕಂಪಾಲಾದಲ್ಲಿದ್ದಾನೆ. ನಾನೂ ನಮ್ಮ ಯಜಮಾನರೂ (64 ವರ್ಷ) ಹೋಗಿಬರೋಣ ಅಂತಿದ್ದೇವೆ. ಹಳದಿ ಜ್ವರದ ಲಸಿಕೆಯ ಪತ್ರ ಬೇಕೇ ಬೇಕು ಅನ್ನುತ್ತಾನೆ. ಹಿಂದೆ ಹಾಕಿಸಿಕೊಂಡ ಮಂಗನ ಕಾಯಿಲೆ ಲಸಿಕೆಯ ಚೀಟಿ ತೋರಿಸಿದರೆ ಆಗದೇ?
– ಓದುಗರು, ಹೊಸನಗರ

ಉತ್ತರ: ಆಗದು. ಎರಡೂ ವೈರಸ್‌ಗಳು ಒಂದೇ ಕುಟುಂಬದವು ನಿಜ, ಆದರೆ ಒಂದರ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ಹಳದಿ ಜ್ವರದ ಲಸಿಕೆಯನ್ನು ಕೇಂದ್ರ ಆರೋಗ್ಯ ಸಚಿವಾಲಯದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಬೇರೆಡೆ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡ ಪತ್ರಕ್ಕೆ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ. ನೀವು ಬೆಂಗಳೂರಿಗೆ ಹೋಗುವುದಾದರೆ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು ರೈಲು ಹತ್ತಿ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಯಬೇಕು. ಅದಕ್ಕೇ ಜನ ಕೂಡುವಂತೆ ದಿನ ನಿಗದಿ ಮಾಡಿರುತ್ತಾರೆ. ಅಸಲಿ ಪಾಸ್‌ಪೋರ್ಟ್ ಮರೆಯಬೇಡಿ.

ಒಂದೇ ಡೋಸ್, 0.5 ಮಿ.ಲೀ. ಪತ್ರ ಊರ್ಜಿತವಾಗುವುದು 10 ದಿನದ ಮೇಲೆ: ಜೂನ್ 5ಕ್ಕೆ ಹಾಕಿಸಿಕೊಂಡರೆ 15ರಿಂದ. 2016ರ ಜುಲೈ 11ರಿಂದೀಚೆಗೆ ಅದು ಜೀವಮಾನಕ್ಕೆ ಸಾಕು, ಹತ್ತು ವರ್ಷಕ್ಕೊಮ್ಮೆ ಎಂಬುದು ಹಳೆಯ ನಿಯಮ.

ಈ ಪತ್ರವೆಂದು ಕೊಡುವ ಹಳದಿ ಪುಸ್ತಕವನ್ನು ಅಲ್ಲೇ ಓದಿ ನೋಡಿ. ತೊಂದರೆ ಬರುವುದು ಹೆಚ್ಚಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಬರೆದಿದ್ದರೆ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಸಿ. ತಿಂಗಳು ಅಕ್ಷರದಲ್ಲಿರಲಿ, 05/06 ಅಂದರೆ ಮೇಯೋ ಜೂನೋ ಎಂಬ ಗೊಂದಲ. ಲಸಿಕೆ ತಯಾರಕರ ಹೆಸರು, ಬ್ಯಾಚ್ ನಂಬರ್, ಕೇಂದ್ರದ ಮೊಹರು, ವೈದ್ಯರ ಕೈಸಹಿ, ನಿಮ್ಮ ಸಹಿ ಎಲ್ಲ ಬೇಕು. ಬರೀ ಮೊಹರು ಸಹಿಯಾಗದು. ಹೊಡೆದು ತಿದ್ದಿದರೆ, ವೈಟ್ನರ್ ಹಚ್ಚಿದರೆ, ಒಂದು ಕಲಂ ಖಾಲಿ ಬಿಟ್ಟರೂ ಪತ್ರ ಅಸಿಂಧುವಾಗಬಹುದು.

ಹೋಗುವಾಗ ಯಾರೂ ಕೇಳದಿದ್ದರೂ ವಾಪಸು ಬರುವಾಗ ನಮ್ಮವರು ಬಿಡುವುದಿಲ್ಲ. ರೋಗ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ರೋಗ ಮಾತ್ರ ಬಂದಿಲ್ಲ. ಪತ್ರವಿಲ್ಲದವರನ್ನು 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಯಜಮಾನರ ವಿಷಯ ಬೇರೆ. 60 ದಾಟಿದವರಿಗೆ ಮೊದಲ ಡೋಸ್‌ನಿಂದ ತೀವ್ರ ಅಡ್ಡಪರಿಣಾಮ ಅಪರೂಪವಾದರೂ ತುಸು ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಚಿಕಿತ್ಸೆ ಇದ್ದರೆ ಮುಚ್ಚಿಡದೆ ಹೇಳಲಿ. ಲಸಿಕೆ ಬೇಡವೆಂದಾದರೆ ವೈದ್ಯರು ವಿನಾಯಿತಿ ಬರೆದುಕೊಡುತ್ತಾರೆ. ಅದನ್ನು ಒಪ್ಪುವುದು ಬಿಡುವುದು ಆಯಾ ದೇಶದ ಅಧಿಕಾರಿಗೆ ಸೇರಿದ್ದು. ಟಿಕೆಟ್ ಕೊಳ್ಳುವ ಮೊದಲೇ ಇದು ಇತ್ಯರ್ಥವಾಗಲಿ.

ಪ್ರಶ್ನೆ: ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಆಸ್ಪತ್ರೆಯ ಹಳೇ ಕಾರ್ಡಿನಲ್ಲಿ 9ನೇ ತಿಂಗಳ ದಡಾರ ಲಸಿಕೆ ನಮೂದಾಗಿದೆ. ಸಾಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಅಲ್ಲಿ ಸಾಮಾನ್ಯವಾಗಿ ಕೇಳುವುದು ಎಂಎಂಆರ್‌ನ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) 2 ಡೋಸ್, ಎರಡೂ ಮೊದಲ ಹುಟ್ಟುಹಬ್ಬದ ನಂತರದ್ದು, ನಡುವೆ ಕನಿಷ್ಠ 28 ದಿನ. 9ನೇ ತಿಂಗಳಿನದು ಲೆಕ್ಕಕ್ಕಿಲ್ಲ. ಅದರಲ್ಲಿ ಮಂಗನಬಾವು, ರುಬೆಲ್ಲಾ ಇಲ್ಲವೇ ಇಲ್ಲ. ಹೊಸದಾಗಿ ಎರಡು ಹಾಕಿಸಿ, ವಿಶ್ವವಿದ್ಯಾಲಯದ ಫಾರಂನಲ್ಲೇ ವೈದ್ಯರಿಂದ ತುಂಬಿಸಿ. ಕ್ಷಯದ ಪರೀಕ್ಷೆಯನ್ನೂ ಕೇಳಿದ್ದರೆ ರಕ್ತದ ಇಗ್ರಾ ಪರೀಕ್ಷೆ ಒಳ್ಳೆಯದು, ಬಿಸಿಜಿ (ಕ್ಷಯದ ಲಸಿಕೆ) ಹಾಕಿದವರಿಗೆ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸುವುದುಂಟು. ಈ ಪರೀಕ್ಷೆಗೆ ರಕ್ತ ಕೊಡುವುದು ಎಂಎಂಆರ್ ಹಾಕಿಸುವ ದಿನವೇ ಆಗಲಿ. ತಪ್ಪಿದರೆ ಮತ್ತೆ 4 ವಾರ ಕಾಯಬೇಕು.